ಮೇರಿ ಕೋಮ್ ಎದುರು ಸೋತಾಕೆ

2012ರ ಆಗಸ್ಟ್ 5. ರಂಜಾನ್ ತಿಂಗಳು ನಡೆಯುತ್ತಿತ್ತು. ಆ ಸಂಜೆ ಇಫ್ತಾರ್ ಮುಗಿಸಿ ಟೀವಿ ಮುಂದೆ ಕೂತವರಿಗೆ ಲಂಡನ್ನಿನಿಂದ ಸಿಹಿ ಸುದ್ದಿ ಬಂದಿತ್ತು. ಮಣಿಪುರದ ಮೇರಿ ಕೋಮ್ ಒಲಿಂಪಿಕ್ಸ್‌ನ ತಮ್ಮ ಮೊದಲ ಪಂದ್ಯ ಗೆದ್ದಿದ್ದರು. ಅಂದು ಅವರ ಅವಳಿ ಮಕ್ಕಳ ಹುಟ್ಟಿದ ದಿನವೂ ಆಗಿತ್ತು. ತಾಯಿ ಗೆಲುವನ್ನು ಮಕ್ಕಳಿಗೆ ಅರ್ಪಿಸಿದ್ದರು. ಕಣ್ಣು ತುಂಬಿಕೊಳ್ಳಲು ಇಷ್ಟು ಸಾಕಲ್ಲವೇ? ನಾವೂ ತುಂಬಿಕೊಂಡೆವು.

ಮರುದಿನದ ಪತ್ರಿಕೆಗಳಲ್ಲಿ ಮೇರಿಯವರ ಚಿತ್ರ ದೊಡ್ಡದಾಗಿ ಬಂತು. ಸುದ್ದಿಯ ನಡುವೆ ಒಂದು ಸಾಲಿತ್ತು: ಪೋಲೆಂಡ್‌ನ ಕರೋಲಿನಾ ಮಿಖಾಲ್ಚುಕ್ ಅವರನ್ನು 19-14 ಅಂಕಗಳಿಂದ ಸೋಲಿಸಿದರು ಎಂದು. ಆ ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ಕೂಡ ಯೋಚಿಸದೆ ನಾವು ಪುಟ ಮಗುಚಿದ್ದೆವು.

ಕತೆ ಬರೆಯುವ ನಮ್ಮಂಥವರಿಗೆ ಒಂದು ಚಾಳಿ ಇದೆ. ಮದುವೆ ಮನೆಗೆ ಹೋದರೆ ಮದುಮಗನಿಗಿಂತ ಬಾಗಿಲ ಬಳಿ ಸುಮ್ಮನೆ ನಿಂತವರ ಮೇಲೆ ಕಣ್ಣು ಹೋಗುತ್ತದೆ. ಆ ಚಾಳಿ ಅಂದು ಯಾಕೋ ಕೆಲಸ ಮಾಡಲಿಲ್ಲ. ಎಷ್ಟೋ ಕಾಲದ ನಂತರ ಮಹಿಳಾ ಬಾಕ್ಸಿಂಗ್‌ನ ಹಳೆಯ ಫಲಿತಾಂಶಗಳನ್ನು ತಿರುವಿ ಹಾಕುವಾಗ ಅದೇ ಹೆಸರು ಮತ್ತೆ ಕಣ್ಣಿಗೆ ಬಿತ್ತು. ಈ ಸಲ ಅದು ಸೋತವರ ಸಾಲಿನಲ್ಲಿರಲಿಲ್ಲ. 2008, ಚೀನಾದ ನಿಂಗ್‌ಬೋ, 54 ಕಿಲೋ ವಿಭಾಗ, ವಿಶ್ವ ಚಾಂಪಿಯನ್: ಕರೋಲಿನಾ ಮಿಖಾಲ್ಚುಕ್. ಫೈನಲ್‌ನಲ್ಲಿ ಅವರು ಸೋಲಿಸಿದ್ದು ಇಂಗ್ಲೆಂಡಿನ ನಿಕೋಲಾ ಆಡಮ್ಸ್ ಅವರನ್ನು.

ನಿಕೋಲಾ ಆಡಮ್ಸ್ ಯಾರೆಂದು ಬಲ್ಲ ಓದುಗರು ಇಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ಲಂಡನ್ನಿನಲ್ಲಿ ಮೇರಿ ಕೋಮ್ ಅವರನ್ನು ಸೆಮಿಫೈನಲ್‌ನಲ್ಲಿ 11-6ರಿಂದ ಸೋಲಿಸಿ, ಬಳಿಕ ಚಿನ್ನ ಗೆದ್ದು, ಒಲಿಂಪಿಕ್ಸ್ ಚರಿತ್ರೆಯಲ್ಲೇ ಬಾಕ್ಸಿಂಗ್ ಚಿನ್ನ ಪಡೆದ ಮೊದಲ ಹೆಣ್ಣೆನಿಸಿಕೊಂಡವರು ಅವರೇ. ಅಂದರೆ ನಾವು ಒಂದು ಸಾಲಿನಲ್ಲಿ ದಾಟಿ ಹೋದ ಆ ಪೋಲಿಷ್ ಹೆಣ್ಣು, ನಾಲ್ಕು ವರ್ಷ ಮೊದಲು ಈ ಚಿನ್ನದ ಒಡತಿಯನ್ನೇ ಗೆದ್ದಿದ್ದರು. ಹಾಗಿದ್ದ ಮೇಲೆ ಒಲಿಂಪಿಕ್ಸ್‌ನ ಮೊದಲ ದಿನವೇ ಅವರು ಮನೆಗೆ ಹೋದದ್ದು ಹೇಗೆ?

ಈ ಪ್ರಶ್ನೆಗೆ ಉತ್ತರ ರಿಂಗಿನ ಒಳಗೆ ಅರ್ಧ ಸಿಗುತ್ತದೆ. ಉಳಿದರ್ಧಕ್ಕೆ ಹೊರಗೆ ಹುಡುಕಬೇಕು.

ನಮ್ಮ ತಲೆಮಾರಿನ ಮುಸ್ಲಿಂ ಮನೆಗಳಲ್ಲಿ ಬಾಕ್ಸಿಂಗ್ ಎಂದರೆ ಮುಹಮ್ಮದ್ ಅಲಿ. ಆಟದ ನಿಯಮ ಒಂದೂ ಗೊತ್ತಿಲ್ಲದ ಹಿರಿಯರಿಗೂ ಅಲಿಯವರ ಹೆಸರು ಗೊತ್ತಿತ್ತು. ಅದು ಗಂಡಸರ ಆಟವೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅಲಿಯವರ ಮಗಳು ಲೈಲಾ 1999ರಲ್ಲಿ ವೃತ್ತಿಪರ ರಿಂಗಿಗೆ ಇಳಿದರು. ಅಪಾಯದ ಕಸುಬೆಂದು ಮೊದಲಿಗೆ ತಂದೆಗೇ ಅದು ಹಿಡಿಸಿರಲಿಲ್ಲವಂತೆ. ಅಲಿಯವರಂಥ ಅಲಿಯವರಿಗೇ ಹಾಗೆನಿಸಿದ್ದರೆ ಮಿಕ್ಕವರ ಮಾತೇನು?

ಮಿಕ್ಕವರಲ್ಲಿ ಕಾನೂನು ಬಲ್ಲವರೂ ಇದ್ದರು. ಬ್ರಿಟನ್ನಿನಲ್ಲಿ ಜೇನ್ ಕೌಚ್ ಎಂಬ ಬಾಕ್ಸರ್ ವೃತ್ತಿಪರ ಪರವಾನಗಿ ಕೇಳಿದಾಗ ಅಲ್ಲಿನ ಬಾಕ್ಸಿಂಗ್ ಮಂಡಳಿ ನಿರಾಕರಿಸಿತು. ವಿಷಯ ನ್ಯಾಯಮಂಡಳಿಗೆ ಹೋಯಿತು. ಮುಟ್ಟಿನ ಹಿಂದಿನ ದಿನಗಳಲ್ಲಿ ಹೆಂಗಸರ ಮನಸ್ಸು ಸ್ಥಿಮಿತದಲ್ಲಿರುವುದಿಲ್ಲ ಎಂಬುದು ಮಂಡಳಿಯ ವಾದಗಳಲ್ಲೊಂದು. 1998ರಲ್ಲಿ ಜೇನ್ ಗೆದ್ದರು. ಇದು ಹದಿನೆಂಟನೆಯ ಶತಮಾನದ ಸಂಗತಿಯಲ್ಲ, ನಮ್ಮ ಕಣ್ಣೆದುರಿನದೇ ಎಂಬುದನ್ನು ಓದುಗರು ಗಮನಿಸಬೇಕು.

ಪೋಲೆಂಡ್ ಬಾಕ್ಸಿಂಗ್‌ನಲ್ಲಿ ಸಣ್ಣ ದೇಶವಲ್ಲ. ನಮ್ಮ ಕಡೆ ಗರಡಿಯ ಉಸ್ತಾದರ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುವ ಹಾಗೆ ಅಲ್ಲಿ ಫೆಲಿಕ್ಸ್ ಸ್ಟಾಮ್ ಎಂಬ ತರಬೇತುದಾರರ ಹೆಸರು ಹೇಳುತ್ತಾರೆ. ಜನ ಅವರನ್ನು ಕರೆಯುತ್ತಿದ್ದುದು 'ಪಾಪಾ ಸ್ಟಾಮ್' ಎಂದು. ಯುದ್ಧದಲ್ಲಿ ನೆಲಸಮವಾಗಿದ್ದ ವಾರ್ಸಾ ನಗರದಲ್ಲಿ 1953ರಲ್ಲಿ ಯುರೋಪಿಯನ್ ಚಾಂಪಿಯನ್‌ಶಿಪ್ ನಡೆಯಿತು. ಹತ್ತು ಚಿನ್ನಗಳಲ್ಲಿ ಐದನ್ನು ಸ್ಟಾಮ್‌ರ ಹುಡುಗರೇ ಬಾಚಿಕೊಂಡರು. ಅದೂ ಸೋವಿಯತ್ ಬಾಕ್ಸರ್‌ಗಳ ಕಣ್ಣೆದುರು! ಆ ಕಾಲದ ಪೋಲೆಂಡ್‌ನಲ್ಲಿ ಇದಕ್ಕೆ ಏನರ್ಥವಿತ್ತೆಂದು ಬಿಡಿಸಿ ಹೇಳಬೇಕಿಲ್ಲ. 1964ರ ಟೋಕಿಯೋದಲ್ಲಿ ಒಂದೇ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ. ಅವರಲ್ಲೊಬ್ಬರಾದ ಯೆಜಿ ಕುಲೇ ನಾಲ್ಕು ವರ್ಷಗಳ ಬಳಿಕ ಮೆಕ್ಸಿಕೋದಲ್ಲಿ ಮತ್ತೆ ಗೆದ್ದರು. ಒಟ್ಟಾರೆ ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲಿ ಪೋಲೆಂಡ್ ಗಳಿಸಿದ ಪದಕಗಳು ನಲವತ್ತಕ್ಕೂ ಹೆಚ್ಚು.

ಆ ಬಳಿಕ ಬಾವಿ ಬತ್ತಿತು. 1976ರ ನಂತರ ಚಿನ್ನವಿಲ್ಲ. 1992ರ ಬಾರ್ಸಿಲೋನಾದಲ್ಲಿ ವೊಯ್ಚೆಕ್ ಬಾರ್ಟ್ನಿಕ್ ಗೆದ್ದ ಕಂಚೇ ಕೊನೆಯದಾಗಿ ಬಹಳ ಕಾಲ ಉಳಿಯಿತು.

ಗಂಡಸರ ಬಾವಿ ಬತ್ತುತ್ತಿದ್ದ ಹೊತ್ತಿನಲ್ಲೇ ಹೆಂಗಸರು ಬಂದರು. ಆದರೆ ಮುಂಬಾಗಿಲಿನಿಂದಲ್ಲ. ಗ್ದಾನ್ಸ್ಕ್ ನಗರದ ಇವೋನಾ ಗುಜೋವ್‌ಸ್ಕಾ, ಕೊವೊಬ್‌ಝೆಗ್‌ನ ಅಗ್ನಿಯೆಷ್ಕಾ ರಿಲಿಕ್ ಇಬ್ಬರೂ ಮೊದಲು ಕಿಕ್‌ಬಾಕ್ಸಿಂಗ್ ಕಲಿತವರು. ಕಾಲಿನ ಆಟ ಬಿಟ್ಟು ಕೈಯ ಆಟಕ್ಕೆ ಬಂದು, ವೃತ್ತಿಪರ ಬಾಕ್ಸಿಂಗ್‌ನಲ್ಲಿ ಇಬ್ಬರೂ ವಿಶ್ವ ಪಟ್ಟಗಳನ್ನು ಗೆದ್ದರು. ಗುಜೋವ್‌ಸ್ಕಾ 2007ರಲ್ಲಿ ಚುನಾವಣೆ ಗೆದ್ದು ಪೋಲೆಂಡ್ ಸಂಸತ್ತಿನ ಸದಸ್ಯೆಯೂ ಆದರು. ಕರೋಲಿನಾ ಇವರಿಬ್ಬರಿಗಿಂತ ಐದು ವರ್ಷ ಚಿಕ್ಕವರು, 1979ರಲ್ಲಿ ಹುಟ್ಟಿದವರು. ದೇಶದ ಪೂರ್ವ ಭಾಗದಲ್ಲಿರುವ ಲುಬ್ಲಿನ್ ನಗರದ ಪಾಕೋ ಎಂಬ ಕ್ಲಬ್ಬಿನವರು. ಅವರು ಹಿಡಿದದ್ದು ವೃತ್ತಿಪರ ದಾರಿಯನ್ನಲ್ಲ, ಹವ್ಯಾಸಿ ದಾರಿಯನ್ನು. ಅಂದರೆ ತಲೆಗೆ ರಕ್ಷಾಕವಚ ಕಟ್ಟಿಕೊಂಡು, ದೇಶದ ಬಣ್ಣ ತೊಟ್ಟು ಆಡುವ ಆಟ. ಹಣ ಕಡಿಮೆ. ಈ ದಾರಿ ಹಿಡಿದ ಗಂಡಸಿಗೆ ಕೊನೆಯಲ್ಲಿ ಒಲಿಂಪಿಕ್ಸ್ ಎಂಬ ಮಿನಾರು ಕಾಣುತ್ತಿತ್ತು. ಹೆಂಗಸಿಗೆ ಅದೂ ಇರಲಿಲ್ಲ.

ಅಂತಾರಾಷ್ಟ್ರೀಯ ಹವ್ಯಾಸಿ ಬಾಕ್ಸಿಂಗ್ ಸಂಸ್ಥೆ, ಅಂದರೆ ಐಬಾ, ಮಹಿಳಾ ಬಾಕ್ಸಿಂಗ್‌ಗೆ ಮಾನ್ಯತೆ ಕೊಟ್ಟದ್ದು 1994ರಲ್ಲಿ. ಮೊದಲ ಮಹಿಳಾ ವಿಶ್ವ ಚಾಂಪಿಯನ್‌ಶಿಪ್ 2001ರಲ್ಲಿ ಅಮೆರಿಕದ ಸ್ಕ್ರ್ಯಾಂಟನ್‌ನಲ್ಲಿ ನಡೆಯಿತು. ಮೇರಿ ಕೋಮ್ ಅಲ್ಲಿ ಬೆಳ್ಳಿ ಗೆದ್ದರು. 2006ರಲ್ಲಿ ಅದೇ ಚಾಂಪಿಯನ್‌ಶಿಪ್ ದೆಹಲಿಗೆ ಬಂತು. ಭಾರತದ ಹೆಣ್ಣುಮಕ್ಕಳು ನಾಲ್ಕು ಚಿನ್ನ ಗೆದ್ದರು. ಆದರೆ ಅದರ ಹಿಂದಿನ ವರ್ಷ, 2005ರಲ್ಲೇ, ಬೀಜಿಂಗ್ ಒಲಿಂಪಿಕ್ಸ್‌ಗೆ ಮಹಿಳಾ ಬಾಕ್ಸಿಂಗ್ ಸೇರಿಸಬೇಕೆಂಬ ಕೋರಿಕೆಯನ್ನು ಒಲಿಂಪಿಕ್ ಸಮಿತಿ ತಳ್ಳಿಹಾಕಿತ್ತು.

ಹೀಗಾಗಿ 2008ರಲ್ಲಿ ಒಂದೇ ದೇಶದಲ್ಲಿ ಎರಡು ಬಾಕ್ಸಿಂಗ್ ನಡೆದವು. ಆಗಸ್ಟ್‌ನಲ್ಲಿ ಬೀಜಿಂಗ್‌ನಲ್ಲಿ ಗಂಡಸರು ಹನ್ನೊಂದು ತೂಕ ವಿಭಾಗಗಳಲ್ಲಿ ಒಲಿಂಪಿಕ್ ಪದಕಕ್ಕಾಗಿ ಆಡಿದರು. ನಮ್ಮ ವಿಜೇಂದರ್ ಸಿಂಗ್ ಕಂಚು ತಂದರು, ದೇಶವೆಲ್ಲ ಕುಣಿಯಿತು. ಮೂರು ತಿಂಗಳ ನಂತರ, ನವೆಂಬರ್‌ನಲ್ಲಿ, ಅದೇ ಚೀನಾದ ನಿಂಗ್‌ಬೋ ಎಂಬ ಬಂದರು ನಗರದಲ್ಲಿ ಹೆಂಗಸರ ವಿಶ್ವ ಚಾಂಪಿಯನ್‌ಶಿಪ್. 46 ಕಿಲೋದಿಂದ 86 ಕಿಲೋವರೆಗೆ ಹದಿಮೂರು ವಿಭಾಗಗಳು. ಕುಣಿಯುವವರು ಕಡಿಮೆ. ಮೇರಿ ಕೋಮ್ 46 ಕಿಲೋದಲ್ಲಿ ತಮ್ಮ ನಾಲ್ಕನೆಯ ಚಿನ್ನ ಗೆದ್ದರು. ಅವರ ಬದುಕಿನ ಬಗ್ಗೆ 2014ರಲ್ಲಿ ಬಂದ ಹಿಂದಿ ಸಿನಿಮಾ ಮುಗಿಯುವುದು ಈ ನಿಂಗ್‌ಬೋದಲ್ಲೇ. ಆದ್ದರಿಂದ ಆ ಊರಿನ ಹೆಸರು ಕೆಲವರಿಗಾದರೂ ನೆನಪಿದ್ದೀತು. ಅದೇ ಕೂಟದಲ್ಲಿ 54 ಕಿಲೋದಲ್ಲಿ ಕರೋಲಿನಾ ಚಿನ್ನ ಗೆದ್ದರು. ಆಗ ಅವರಿಗೆ 29 ವರ್ಷ. ಬಾಕ್ಸರ್ ಒಬ್ಬರ ಮೈ ಮತ್ತು ಬುದ್ಧಿ ಎರಡೂ ಒಟ್ಟಿಗೆ ಹದಕ್ಕೆ ಬರುವ ವಯಸ್ಸು ಅದು.

ಹಣ್ಣಾದ ಕಾಲಕ್ಕೆ ಸಂತೆ ಇರಲಿಲ್ಲ, ಅಷ್ಟೇ.

ಸಂತೆ ಕೂಡಿದ್ದು ಮರುವರ್ಷ. 2009ರ ಆಗಸ್ಟ್‌ನಲ್ಲಿ ಬರ್ಲಿನ್‌ನಲ್ಲಿ ಸೇರಿದ ಒಲಿಂಪಿಕ್ ಸಮಿತಿಯ ಕಾರ್ಯಕಾರಿ ಮಂಡಳಿ, ಲಂಡನ್ ಒಲಿಂಪಿಕ್ಸ್‌ನಿಂದ ಹೆಂಗಸರೂ ಬಾಕ್ಸಿಂಗ್ ಆಡಬಹುದೆಂದು ತೀರ್ಮಾನಿಸಿತು. ಎಲ್ಲರೂ ಹೊಗಳಿದರು. ಆದರೆ ಲೆಕ್ಕ ನೋಡಿ. ಬಾಕ್ಸಿಂಗ್‌ನ ಒಟ್ಟು ಸ್ಥಾನಗಳು 286. ಅದನ್ನು ಹೆಚ್ಚಿಸಲಿಲ್ಲ. ಗಂಡಸರ ಹನ್ನೊಂದು ವಿಭಾಗಗಳಲ್ಲಿ ಒಂದನ್ನು ಕಡಿಮೆ ಮಾಡಿ, ಹೆಂಗಸರಿಗೆ ಮೂರು ವಿಭಾಗ ಕೊಟ್ಟರು. ಗಂಡಸರು 250, ಹೆಂಗಸರು 36. ಆ ಮೂರು ವಿಭಾಗಗಳು: 51 ಕಿಲೋ, 60 ಕಿಲೋ, 75 ಕಿಲೋ. ನಿಂಗ್‌ಬೋದಲ್ಲಿ ಹದಿಮೂರು ಮೆಟ್ಟಿಲುಗಳಲ್ಲಿ ನಿಂತಿದ್ದ ಹೆಣ್ಣುಮಕ್ಕಳೆಲ್ಲ ಈಗ ಮೂರೇ ಮೆಟ್ಟಿಲಲ್ಲಿ ಹೇಗಾದರೂ ನಿಲ್ಲಬೇಕು. ಮನೆಗೆ ನೆಂಟರನ್ನು ಕರೆದು ಮೂರೇ ಎಲೆ ಹಾಕಿದ ಹಾಗೆ.

ಬಾಕ್ಸಿಂಗ್ ನೋಡದವರಿಗೆ ಮೂರು ಕಿಲೋ ಎಂದರೆ ಏನು ಮಹಾ ಎನ್ನಿಸಬಹುದು. ನಾವು ಒಂದು ರಂಜಾನ್‌ನಲ್ಲಿ ಅಷ್ಟು ಇಳಿದು, ಈದ್ ಕಳೆದ ವಾರದಲ್ಲೇ ಮತ್ತೆ ಏರುತ್ತೇವೆ. ಬಾಕ್ಸರ್‌ನ ಮೈ ಹಾಗಲ್ಲ. ಅಲ್ಲಿ ಕರಗಿಸಲು ಕೊಬ್ಬು ಉಳಿದಿರುವುದೇ ಕಡಿಮೆ. ಇಳಿಸಬೇಕೆಂದರೆ ಮಾಂಸಖಂಡ ಇಳಿಯಬೇಕು, ಇಲ್ಲವೇ ಮೈಯ ನೀರು ಇಳಿಯಬೇಕು. ಉಪ್ಪು ಬಿಡುವುದು, ಊಟ ಅಳೆದು ಉಣ್ಣುವುದು, ದಪ್ಪ ಬಟ್ಟೆ ತೊಟ್ಟು ಬೆವರುವುದು, ತೂಕ ನೋಡುವ ಬೆಳಗಿನವರೆಗೆ ಬಾಯಾರಿಕೆ ನುಂಗುವುದು. ತಕ್ಕಡಿ ಒಪ್ಪಿದರೆ ಆಡಬಹುದು, ಆದರೆ ಕೈಯಲ್ಲಿ ಮೊದಲಿನ ಭಾರ ಇರಬೇಕಲ್ಲ? ಮೇಲೇರುವವರ ಪಾಡು ಬೇರೆ. ತನಗಿಂತ ಉದ್ದ ಕೈಯವರ, ಭಾರದ ಹೊಡೆತದವರ ಎದುರು ನಿಲ್ಲಬೇಕು.

ಕರೋಲಿನಾ 54ರಿಂದ 51ಕ್ಕೆ ಇಳಿದರು. ಇನ್ನೊಂದು ದಾರಿ 60ಕ್ಕೆ ಏರುವುದು. ಅಲ್ಲಿ ಐರ್ಲೆಂಡಿನ ಕೇಟೀ ಟೇಲರ್ ಕಾದು ಕೂತಿದ್ದರು. ಮೇರಿ ಕೋಮ್ 46, 48ರಲ್ಲಿ ಗೆಲ್ಲುತ್ತಿದ್ದವರು ಮೈ ಬೆಳೆಸಿಕೊಂಡು 51ಕ್ಕೆ ಏರಿದರು. ನಿಕೋಲಾ ಆಡಮ್ಸ್ ಕೂಡ 54 ಬಿಟ್ಟು 51ಕ್ಕೆ ಬಂದಿದ್ದವರೇ, ಆದರೆ ಅವರು 2010ರಲ್ಲೇ ಆ ತೂಕದಲ್ಲಿ ನೆಲೆ ನಿಂತು ವಿಶ್ವ ಬೆಳ್ಳಿ ಗೆದ್ದಿದ್ದರು. ಹೀಗೆ ಬೇರೆ ಬೇರೆ ತೂಕಗಳಲ್ಲಿ ಆಡುತ್ತಿದ್ದವರು ಒಂದೇ ಕಟ್ಟೆಯ ಮೇಲೆ ಬಂದು ನಿಂತರು. ಇಷ್ಟವಿದ್ದು ಬಂದವರು ಎಷ್ಟು ಜನ, ಬೇರೆ ಕಟ್ಟೆ ಇಲ್ಲದ್ದಕ್ಕೆ ಬಂದವರು ಎಷ್ಟು ಜನ?

ತೂಕದ ಜೊತೆಗೆ ಬಟ್ಟೆಯ ಪ್ರಶ್ನೆಯೂ ಬಂತು. ಬರದೆ ಇರುತ್ತದೆಯೇ? 2010ರ ಬಾರ್ಬಡೋಸ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಐಬಾ ಹೆಂಗಸರಿಗೆ ಚಡ್ಡಿಯ ಬದಲು ಸ್ಕರ್ಟ್ ತೊಡುವುದನ್ನು ಪ್ರಯೋಗಿಸಿತು. ತಲೆಗೆ ರಕ್ಷಾಕವಚ ತೊಟ್ಟರೆ ಟೀವಿ ನೋಡುವವರಿಗೆ ಆಡುತ್ತಿರುವವರು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ ಎಂಬುದು ಕಾರಣ. 2011ರ ಹೊತ್ತಿಗೆ ಪೋಲೆಂಡ್‌ನ ಬಾಕ್ಸಿಂಗ್ ಆಡಳಿತ ತನ್ನ ಆಟಗಾರ್ತಿಯರಿಗೆ ಸ್ಕರ್ಟನ್ನು ಕಡ್ಡಾಯವನ್ನೇ ಮಾಡಿತು. ಹಾಗೆ ತೊಟ್ಟರೆ ಹೆಣ್ತನ ಕಾಣುತ್ತದೆ ಎಂಬರ್ಥದ ಮಾತು ಅಲ್ಲಿನ ತರಬೇತುದಾರರೊಬ್ಬರಿಂದಲೇ ಬಂತು. ವಿಶ್ವ ಚಾಂಪಿಯನ್ ಆಗಿದ್ದ ಹೆಣ್ಣೊಬ್ಬಳು ಇರುವ ತಂಡಕ್ಕೆ ಈ ಪಾಠ! ಕೇಟೀ ಟೇಲರ್ ತಾನು ಮಿನಿ ಸ್ಕರ್ಟ್ ತೊಡುವುದಿಲ್ಲವೆಂದು ಖಡಾಖಂಡಿತ ಹೇಳಿದರು. ಜಗತ್ತಿನ ಬೇರೆ ಬೇರೆ ಕಡೆಯಿಂದ ವಿರೋಧ ಬಂದ ಮೇಲೆ 2012ರ ಮಾರ್ಚ್‌ನಲ್ಲಿ ಐಬಾ, ಚಡ್ಡಿಯೋ ಸ್ಕರ್ಟೋ ಅವರವರ ಇಷ್ಟ ಎಂದು ಸುಮ್ಮನಾಯಿತು.

ಅದೇ ಲಂಡನ್ ಒಲಿಂಪಿಕ್ಸ್‌ನಲ್ಲಿ, ಕರೋಲಿನಾ ಪಂದ್ಯಕ್ಕೆ ಎರಡು ದಿನ ಮೊದಲು, ಸೌದಿ ಅರೇಬಿಯಾದ ವುಜ್ದಾನ್ ಶಹರ್‌ಖಾನಿ ಎಂಬ ಹುಡುಗಿ ಜೂಡೋ ಆಡಲು ಬಂದಿದ್ದಳು. ತಲೆವಸ್ತ್ರ ತೆಗೆಯಬೇಕೆಂದು ಮೊದಲು ಹೇಳಿದರು. ಮಾತುಕತೆಯಾಗಿ, ಕೊನೆಗೆ ತಲೆಗೆ ಅಂಟಿ ಕೂರುವ ಒಂದು ಬಗೆಯ ಟೋಪಿಗೆ ಒಪ್ಪಿದರು. ಬಾಕ್ಸಿಂಗ್‌ನಲ್ಲಂತೂ ಹಿಜಾಬ್ ತೊಟ್ಟವರು ಅಂತಾರಾಷ್ಟ್ರೀಯ ರಿಂಗಿಗೆ ಇಳಿಯಲು 2019ರವರೆಗೆ ಕಾಯಬೇಕಾಯಿತು. ಅದಕ್ಕಾಗಿ ಬರ್ಲಿನ್‌ನ ಬಾಕ್ಸರ್ ಝೈನಾ ನಸ್ಸಾರ್ ವರ್ಷಗಟ್ಟಲೆ ಹೋರಾಡಿದರು. ಒಬ್ಬಳಿಗೆ ಇನ್ನಷ್ಟು ಹೆಣ್ಣಾಗಿ ಕಾಣು ಎಂದು ಹೇಳುವವರು, ಇನ್ನೊಬ್ಬಳಿಗೆ ತಲೆಯ ಬಟ್ಟೆ ತೆಗೆ ಎಂದು ಹೇಳುವವರು. ಎರಡು ಕಡೆಯೂ ಅವಳನ್ನು ಕೇಳಿದವರಿಲ್ಲ. ಈ ವಿಷಯವನ್ನು ನಮ್ಮ ಓದುಗರಿಗೆ ಹೆಚ್ಚು ಬಿಡಿಸಿ ಹೇಳುವ ಅಗತ್ಯವಿಲ್ಲ ಎಂದುಕೊಳ್ಳುತ್ತೇವೆ.

ಮತ್ತೆ ಲಂಡನ್ನಿಗೆ ಬರೋಣ. ಬಾಕ್ಸಿಂಗ್ ನಡೆದದ್ದು ಎಕ್ಸೆಲ್ ಎಂಬ ದೊಡ್ಡ ಸಭಾಂಗಣದಲ್ಲಿ. ಪಾಪಾ ಸ್ಟಾಮ್‌ರ ದೇಶದಿಂದ ಈ ಸಲ ಒಬ್ಬ ಗಂಡಸೂ ಅರ್ಹತೆ ಪಡೆದಿರಲಿಲ್ಲ. ಪೋಲೆಂಡ್‌ನ ಬಾಕ್ಸಿಂಗ್ ತಂಡವೆಂದರೆ ಕರೋಲಿನಾ ಒಬ್ಬರೇ. ಎರಡು ಸಲ ಚಿನ್ನ ಗೆದ್ದ ಯೆಜಿ ಕುಲೇ ಮೂರು ವಾರ ಮೊದಲಷ್ಟೇ, ಜುಲೈ 13ರಂದು, ತೀರಿಕೊಂಡಿದ್ದರು. ಅಷ್ಟು ದೊಡ್ಡ ಪರಂಪರೆ ಆ ದಿನ 32 ವರ್ಷದ ಒಬ್ಬ ಹೆಂಗಸಿನ ಎರಡು ಕೈಗಳಲ್ಲಿತ್ತು. ಪರಂಪರೆಯ ಯಜಮಾನರು ಅದನ್ನು ಗಮನಿಸಿದ್ದರೋ ಇಲ್ಲವೋ!

ಪಂದ್ಯ ಎರಡೆರಡು ನಿಮಿಷಗಳ ನಾಲ್ಕು ಸುತ್ತು. ಗಂಡಸರಿಗೆ ಮೂರು ಮೂರು ನಿಮಿಷದ ಮೂರು ಸುತ್ತು. ಹೊಡೆತ ಸರಿಯಾಗಿ ಬಿದ್ದಿತೆಂದು ತೀರ್ಪುಗಾರರು ಗುಂಡಿ ಒತ್ತಿದರೆ ಅಂಕ ಏರುವ ಕಾಲ ಅದು. ಕರೋಲಿನಾ ಎತ್ತರ, ಮೇರಿ ಗಿಡ್ಡ. ಎತ್ತರದವರ ಬಲ ದೂರದಲ್ಲಿದೆ. ಕೈ ಚಾಚಿ ತಡೆದು ಹೊಡೆಯಬಹುದು. ಗಿಡ್ಡವರು ಆ ದೂರವನ್ನು ದಾಟಿ ಒಳಗೆ ನುಗ್ಗಬೇಕು, ಹೊಡೆದು ಹೊರಗೆ ಜಾರಬೇಕು. ಕೆಳಗಿನ ತೂಕದಿಂದ ಬಂದ ಮೇರಿಯವರಿಗೆ ಆ ಚುರುಕಿತ್ತು. ನಾಲ್ಕು ಸುತ್ತು ಮುಗಿದಾಗ ಐದು ಅಂಕಗಳ ಅಂತರ. ಮೇರಿಯವರ ಗೆಲುವಿನಲ್ಲಿ ಕೊರತೆ ಹುಡುಕುವುದು ನಮ್ಮ ಉದ್ದೇಶವಲ್ಲ. ಅವರೂ ತಮ್ಮದಲ್ಲದ ತೂಕದಲ್ಲೇ ಆಡಿದರು, ಅವಳಿ ಮಕ್ಕಳನ್ನು ಹೆತ್ತು ರಿಂಗಿಗೆ ಮರಳಿ ಬಂದು ಆಡಿದರು. ನಿಜ ಹೇಳಬೇಕೆಂದರೆ ಎದುರಿಗಿದ್ದವರು ಯಾರೆಂದು ತಿಳಿದ ಮೇಲೆ ಆ ಗೆಲುವು ನಮ್ಮ ಕಣ್ಣಲ್ಲಿ ಇನ್ನೂ ದೊಡ್ಡದಾಯಿತು. ಮರುದಿನ ಅವರು ಟ್ಯುನೀಷಿಯಾದ ಮರ್ವಾ ರಹಾಲಿಯವರನ್ನೂ 15-6ರಿಂದ ಸೋಲಿಸಿ ಪದಕ ಖಚಿತ ಮಾಡಿಕೊಂಡರು. ಆಮೇಲೆ ನಿಕೋಲಾ ಆಡಮ್ಸ್. ಚಿಕ್ಕಂದಿನಿಂದ ಮುಹಮ್ಮದ್ ಅಲಿಯವರನ್ನು ಆರಾಧಿಸಿ, ರಿಂಗಿನಲ್ಲಿ ಅಲಿಯವರಂತೆಯೇ ಕಾಲು ಆಡಿಸಿ ತೋರಿಸುತ್ತಿದ್ದ ಹುಡುಗಿ. ಫೈನಲ್‌ನಲ್ಲಿ ಚೀನಾದ ರೆನ್ ಕಾನ್‌ಕಾನ್ ಅವರನ್ನು ಸೋಲಿಸಿದಳು.

ನಿಂಗ್‌ಬೋದಲ್ಲಿ ನಿಕೋಲಾರನ್ನು ಗೆದ್ದ ಕರೋಲಿನಾ ಅಷ್ಟು ಹೊತ್ತಿಗೆ ಕೂಟದಿಂದ ಹೊರಗಿದ್ದರು. ಒಲಿಂಪಿಕ್ಸ್‌ನಲ್ಲಿ ಅವರಿಗೆ ಸಿಕ್ಕಿದ್ದು ಒಟ್ಟು ಎಂಟು ನಿಮಿಷ. ಆಗ ಐಬಾದ ವಯಸ್ಸಿನ ಮಿತಿ 34, ಆಮೇಲೆ ಅದನ್ನು 40ಕ್ಕೆ ಏರಿಸಿದರು. ಹಾಗಾಗಿ 2016ರ ರಿಯೋ ಬಾಗಿಲು ಕಾಗದದ ಮೇಲೆ ತೆರೆದೇ ಇತ್ತು. ಆದರೆ ಅಲ್ಲೂ ಹೆಂಗಸರಿಗೆ ಅದೇ ಮೂರು ವಿಭಾಗ, ಅದೇ 51, 60, 75. ಪೋಲೆಂಡ್‌ನ ಈ ಚಾಂಪಿಯನ್‌ಗೆ ಎರಡನೆಯ ಒಲಿಂಪಿಕ್ಸ್ ಬರಲಿಲ್ಲ.

ಲುಬ್ಲಿನ್‌ನ ಪಾಕೋ ಕ್ಲಬ್ಬಿನ ಹೆಸರು ಆಮೇಲೆ ಮತ್ತೆ ಕೇಳಿಬಂತು. ಲುಬ್ಲಿನ್‌ನಿಂದ ಪೂರ್ವಕ್ಕೆ, ಯುಕ್ರೇನ್ ಗಡಿಯ ಹತ್ತಿರ ಹೆವುಮ್ ಎಂಬ ಊರಿದೆ. ಅಲ್ಲಿಯ ಯೂಲಿಯಾ ಶೆರೆಮೆತಾ ಎಂಬ ಹುಡುಗಿ ಇದೇ ಪಾಕೋ ಕ್ಲಬ್ಬಿಗೆ ಸೇರಿದವಳು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ಇನ್ನೂ 21 ತುಂಬುವ ಮೊದಲೇ, 57 ಕಿಲೋ ವಿಭಾಗದ ಫೈನಲ್ ತಲುಪಿದಳು. ತೈವಾನ್‌ನ ಲಿನ್ ಯು-ಟಿಂಗ್ ಎದುರು ಸೋತು ಬೆಳ್ಳಿ ಪಡೆದಳು. ಬಾರ್ಟ್ನಿಕ್‌ನ ಕಂಚಿನ ನಂತರ ಬಾಕ್ಸಿಂಗ್‌ನಲ್ಲಿ ಪೋಲೆಂಡ್‌ಗೆ ಬಂದ ಮೊದಲ ಒಲಿಂಪಿಕ್ ಪದಕ ಅದು. ನಡುವೆ 32 ವರ್ಷ. ತಂದುಕೊಟ್ಟದ್ದು ಹೆಣ್ಣು. 2025ರ ಸೆಪ್ಟೆಂಬರ್‌ನಲ್ಲಿ ಲಿವರ್‌ಪೂಲ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಇದೇ ಯೂಲಿಯಾರನ್ನು ನಮ್ಮ ಜಾಸ್ಮಿನ್ ಲಂಬೋರಿಯಾ ಸೋಲಿಸಿದರು. ಅದೇ ಕೂಟದ 80 ಕಿಲೋ ಮೇಲಿನ ವಿಭಾಗದಲ್ಲಿ ಪೋಲೆಂಡ್‌ನ ಅಗಾತಾ ಕಚ್‌ಮಾರ್‌ಸ್ಕಾ ನಮ್ಮ ನೂಪುರ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು. ಈ ಎರಡು ದೇಶದ ಹೆಣ್ಣುಮಕ್ಕಳ ಲೆಕ್ಕ ಹೀಗೆ ನಡೆದೇ ಇದೆ.

ಪ್ಯಾರಿಸ್ ಹೊತ್ತಿಗೆ ಗಂಡಸರಿಗೆ ಏಳು ವಿಭಾಗ, ಹೆಂಗಸರಿಗೆ ಆರು. ಆ ಆರರಲ್ಲಿ ಹೊಸದಾಗಿ ಸೇರಿದ್ದ ಒಂದು ತೂಕವನ್ನು ನೋಡಿ ನಮಗೆ ಆ ಹಳೆಯ ಫಲಿತಾಂಶದ ಪಟ್ಟಿ ನೆನಪಾಯಿತು. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಮೊದಲ ಬಾರಿ 54 ಕಿಲೋ ವಿಭಾಗ ಇಟ್ಟಿದ್ದರು. ಚೀನಾದ ಚಾಂಗ್ ಯುವಾನ್ ಅದನ್ನು ಗೆದ್ದರು. ಕರೋಲಿನಾ ಮಿಖಾಲ್ಚುಕ್ ಅದೇ ತೂಕದಲ್ಲಿ ವಿಶ್ವ ಚಾಂಪಿಯನ್ ಆಗಿ ಆಗ ಹದಿನಾರನೆಯ ವರ್ಷ ನಡೆಯುತ್ತಿತ್ತು. ಅವರಿಗೆ 44 ವಯಸ್ಸಾಗಿತ್ತು.